ಚನ್ನಬಸಪ್ಪನವರ ಬಾವಿ

ಬಾವಿ ಇದ್ದ ಜಾಗಕ್ಕೆ ಕಾಂಕ್ರೀಟು ಹಾಕಿ, ಅದರ ಮೇಲೆ ಸ್ಕೂಟರ್ ನಿಲ್ಲಿಸಿದ್ದರು. ನೀರು ತುಂಬಿಕೊಂಡು ಹೋಗಲು ತಂದಿದ್ದ ಬಾಟಲಿಗಳ ಚೀಲವನ್ನು ಹೆಗಲಿಂದ ಇಳಿಸದೆ ಸುಮತಿ ನೋಡುತ್ತ ನಿಂತಳು.

"ಮುಚ್ಚಿಸಿಬಿಟ್ವ್ರಿ, ಮೇಡಂ," ಎಂದರು ಚನ್ನಬಸಪ್ಪ. ಕೊಪ್ಪಳದ ಕಡೆಯಿಂದ ಬಂದು ತೆಲುಗು ಸೀಮೆಯ ನಾಚಾರಂನಲ್ಲಿ ಮನೆ ಮಾಡಿ ನಲವತ್ತು ವರ್ಷವಾದ ಆ ಮನುಷ್ಯನ ದನಿಯಲ್ಲಿ ಹೆಮ್ಮೆಯೇ ಇತ್ತು. "ನೀವs ಹೇಳಿದ್ರಲ್ಲ, ಇಲ್ಲೀತನಕ ಯಾರೂ ಕಾಣದ ಬ್ಯಾಕ್ಟೀರಿಯಾ ಐತಿ ಅಂತ. ಮೊದ್ಲು ಬ್ಲೀಚಿಂಗ್ ಪೌಡರ್ ಸುರುವಿದ್ವಿ. ಆಮ್ಯಾಲೆ ಮಣ್ಣು ಹಾಕ್ಸಿದ್ವಿ."

ಹೇಳಿದ್ದು ನಿಜ. ಬಾವಿಯ ನೀರಿನಲ್ಲಿ ಸಿಕ್ಕ ಆ ಜೀವಿ ಜಗತ್ತಿನ ಯಾವ ಪಟ್ಟಿಯಲ್ಲೂ ಇಲ್ಲವೆಂದು ಎರಡು ವರ್ಷದ ಹಿಂದೆ ಖಾತ್ರಿಯಾದ ದಿನ, ಸಂತೋಷ ತಡೆಯಲಾರದೆ ಪ್ರಯೋಗಾಲಯದಿಂದಲೇ ಫೋನ್ ಮಾಡಿದ್ದಳು. ಅದರಿಂದ ಯಾರಿಗೂ ಕೇಡಿಲ್ಲ ಎಂಬ ಒಂದು ಮಾತು ಸೇರಿಸಲು ಮಾತ್ರ ತೋಚಿರಲಿಲ್ಲ.

ಹೊಸ ಪ್ರಭೇದಕ್ಕೆ ಹೆಸರಿಡಬೇಕಾದರೆ ಅದರ ಜೀವಂತ ಮಾದರಿಯನ್ನು ಎರಡು ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಿಗೆ ಒಪ್ಪಿಸಬೇಕು. ಇದೊಂದು ಪರೀಕ್ಷೆ ಮುಗಿಯಲಿ, ಅದೊಂದು ಮುಗಿಯಲಿ ಎಂದು ಅವಳು ದಿನ ತಳ್ಳಿದಳು. ಹೋದ ತಿಂಗಳು ರಜೆಯಲ್ಲಿ ಫ್ರೀಜರ್ ಕೆಟ್ಟು, ಯಾರ ಗಮನಕ್ಕೂ ಬಾರದೆ, ಅದರಲ್ಲಿಟ್ಟಿದ್ದ ಮಾದರಿಗಳೆಲ್ಲ ಸತ್ತುಹೋದವು. ಉಳಿದದ್ದು ಈ ಬಾವಿಯೊಂದೇ ಎಂದುಕೊಂಡು ಬಂದಿದ್ದಳು.

"ಅದು ರೋಗ ತರೋದಲ್ಲ ಸರ್. ನೀರು ಚೆನ್ನಾಗೇ ಇತ್ತು," ಎಂದಳು. ಹೇಳಿದ ಮೇಲೆ, ಈ ಮಾತನ್ನಾದರೂ ನುಂಗಿಕೊಳ್ಳಬೇಕಿತ್ತು ಅನ್ನಿಸಿತು.

ಚನ್ನಬಸಪ್ಪ ಮೆಟ್ಟಿಲ ಮೇಲೆ ಕೂತರು.

"ಚಲೋನs ಇತ್ತಾ?"

"ಹೌದು."

"ನಿಮ್ಮ ಫೋನ್ ಬಂದ ಮ್ಯಾಲೆ, ಬಾವಿ ಮುಚ್ಚೂಕಿಂತ ಮೊದ್ಲು, ನಮ್ಮವ್ವ ಹಾಸಿಗಿ ಹಿಡಿದಿದ್ಲು. ಬಾವಿ ನೀರು ಕೊಡೋ ಅಂತ ಒಂದs ಸಮ ಕೇಳಾಕಿ. ನಾ ಕ್ಯಾನಿನ ನೀರು ಬಾಯಿಗೆ ಹಿಡಿದೆ. ನಾಲಿಗಿಗೆ ಗೊತ್ತಾತು ನೋಡ್ರಿ, ಮುಖ ತಿರುವಿದ್ಲು." ಸ್ಕೂಟರಿನ ಕಡೆ ನೋಡುತ್ತ ಹೇಳಿದರು, "ಹಟಾ ಮಾಡಬ್ಯಾಡ ಅಂತ ಬೈದೆ. ಮರುದಿನ ಹೋದ್ಲು."

"ತಪ್ಪು ನಂದು ಸರ್. ಅವತ್ತು ಪೂರ್ತಿ ಹೇಳಲಿಲ್ಲ."

"ನಾನರ ಎಲ್ಲಿ ಕೇಳಿದೆ, ಬಿಡ್ರಿ."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಟ್ಯಾಂಕರಿನ ಹಾರ್ನ್ ಕೇಳಿಸಿತು. "ನೀಳ್ಳೊಚ್ಚಿನಯ್!" ನೀರು ಬಂತು ಎಂದು ಯಾರೋ ತೆಲುಗಿನಲ್ಲಿ ಕೂಗಿದರು. ಮನೆಮನೆಯಿಂದ ಹೆಂಗಸರು ಬಕೆಟು ಹಿಡಿದು ಓಡಿದರು. ಚನ್ನಬಸಪ್ಪ ಎದ್ದು, ಪಂಚೆ ಎತ್ತಿ ಕಟ್ಟಿ, ಒಳಗಿನಿಂದ ಎರಡು ಕೊಡ ತಂದರು. ಸುಮತಿ ಅವರ ಕೈಯಿಂದ ಒಂದನ್ನು ತೆಗೆದುಕೊಂಡು, ಅವರ ಹಿಂದೆ ಸಾಲಿನಲ್ಲಿ ನಿಂತಳು.