ಜೋಡಿ ಕರಡಿಗೆ

"ತಡೀರಿ ಅಯ್ಯಾರ, ಒಂಚೂರು ತಡೀರಿ!"

ಕುಣಿಯೊಳಗೆ ಇಳಿದಿದ್ದ ಸಿದ್ಧಲಿಂಗಯ್ಯನವರ ಕೈ ಅಲ್ಲಿಯೇ ನಿಂತಿತು. ಗೂಡಿನಲ್ಲಿ ಕೂರಿಸಿದ್ದ ಯಮುನವ್ವನ ಕೊರಳಿನ, ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಅವಳ ಎಡ ಅಂಗೈಗೆ ಇಟ್ಟರೆ ಮುಗಿಯುತ್ತಿತ್ತು. ಕೂಗಿದವನು ಅವಳ ಗಂಡ ಅಣ್ಣಾಸಾಹೇಬ. ತನ್ನ ಕೊರಳಿನ ಶಿವದಾರ ಹಿಡಿದುಕೊಂಡು ಕುಣಿಯ ಅಂಚಿನಲ್ಲಿ ನಿಂತಿದ್ದ.

"ಏನಾತ್ರಿ ದಾಜಿ?" ಎಂದ ಯಮುನವ್ವನ ತಮ್ಮ ಬಸಗೊಂಡ.

"ಆ ಲಿಂಗ ನಿಮ್ಮಕ್ಕಂದೋ, ನಂದೋ... ಗೊತ್ತಾಗವಲ್ದೋ."

ಮಣ್ಣಿಗೆ ಬಂದವರು ಮುಖ ಮುಖ ನೋಡಿಕೊಂಡರು. ಕೊರಳ ಲಿಂಗ ಬದಲಾಗುವುದೆಂದರೇನು? ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿ ಬದಲಾದಂತೆಯೇ? ಗುರು ಕಟ್ಟಿದ ಲಿಂಗ ಕಟ್ಟಿಸಿಕೊಂಡವರ ಜೊತೆಗೇ ಮಣ್ಣಿಗೆ ಹೋಗಬೇಕು. ಕೊಲ್ಹಾಪುರದ ಪೇಟೆಯಲ್ಲಿ ಬೆಲ್ಲದ ಚೂರು ಬಾಯಿಗಿಟ್ಟು ಇದು ಇಂಥ ಊರ ಗಾಣದ್ದು ಎಂದು ಹೇಳುತ್ತಿದ್ದ ಮನುಷ್ಯ ಈ ಅಣ್ಣಾಸಾಹೇಬ. ಈಗ ನೋಡಿದರೆ ತನ್ನ ಎದೆಯ ಮೇಲಿನದು ಯಾರದೆಂದು ತನಗೇ ಗೊತ್ತಿಲ್ಲ.

*

ಆದದ್ದಿಷ್ಟು. ನಿನ್ನೆ ಎದೆನೋವೆಂದು ಯಮುನವ್ವನನ್ನು ಕೊಲ್ಹಾಪುರದ ಆಸ್ಪತ್ರೆಗೆ ಒಯ್ದಿದ್ದರು. ಸ್ಕ್ಯಾನಿಂಗಿಗೆ ಒಳಗೆ ಕರೆದೊಯ್ಯುವಾಗ ನರ್ಸು, "ಕಾಕಾ, ಗಳ್ಯಾತಲಂ ಸಗಳಂ ಕಾಢಾ" ಎಂದಳು. ಕೊರಳಲ್ಲಿದ್ದುದನ್ನೆಲ್ಲ ತೆಗೆಯಬೇಕಂತೆ. ಯಮುನವ್ವ ತಾಳಿಯನ್ನು ಸುಮ್ಮನೆ ಬಿಚ್ಚಿಕೊಟ್ಟಳು. ಲಿಂಗವನ್ನು ಮಾತ್ರ ಕಣ್ಣಿಗೊತ್ತಿಕೊಂಡು ಗಂಡನ ಕೈಗಿಟ್ಟಳು.

"ಎಲ್ಲೆರ ಇಡಬ್ಯಾಡ್ರಿ. ನಿಮ್ಮ ಕೊಳ್ಳಾಗ ಹಾಕ್ಕೋರಿ."

ಹಾಕಿಕೊಂಡ. ಊರಿಗೆ ಬರುವವರೆಗೆ ಎರಡೂ ಅವನ ಅಂಗಿಯೊಳಗೆ ಒಂದರ ಮೇಲೊಂದು ತೂಗಾಡಿದವು. ಮನೆಗೆ ಬಂದು ಅವಳನ್ನು ಮಲಗಿಸಿದ ಮೇಲೆ, ಕೈಗೆ ಸಿಕ್ಕ ಒಂದನ್ನು ತೆಗೆದು ಅವಳ ಕೊರಳಿಗೆ ಹಾಕಿದ. ಅವಳು ಅದನ್ನು ಬೆರಳಿನಿಂದ ಸವರಿ ನಕ್ಕಳು.

"ಯಾಕ ನಗತೀ?"

"ಇರಲಿ ಬಿಡ್ರಿ" ಎಂದು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಬೆಳಿಗ್ಗೆ ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು.

*

"ಬದುಕಿದ್ದಾವನ ಲಿಂಗ ಮಣ್ಣಾಗ ಹೋದ್ರ ಚಲೋ ಅಲ್ರಿ ದಾಜಿ" ಎಂದ ಬಸಗೊಂಡ. "ನಿಮ್ಮ ಕರಡಿಗಿ ತಗದ ನೋಡ್ರಲಾ. ಏನರ ಗುರ್ತ ಸಿಗತೈತಿ."

"ಜಳಕಾ ಆಗಿಲ್ಲ. ಹೆಣಾ ಹೊತ್ತ ಕೈಲೆ ತಗ್ಯಾಂವಲ್ಲ ನಾ."

"ನಮ್ಮಾಗ ಸೂತಕ ಇಲ್ಲರೀ ಅಂತ ಹೇಳಿ ಹೇಳಿ ನನ್ನ ಗಂಟ್ಲಾ ಹರದೈತಿ" ಎಂದು ಕುಣಿಯೊಳಗಿಂದಲೇ ಸಿದ್ಧಲಿಂಗಯ್ಯ ಗೊಣಗಿದರು. ಅಣ್ಣಾಸಾಹೇಬ ಜಗ್ಗಲಿಲ್ಲ.

ಸೊಸೆ ಪೂನಮ ಮೆಲ್ಲಗೆ ಹತ್ತಿರ ಬಂದಳು. "ಮಾವಾರ, ಅತ್ತಿ ಹೆಂಗ ಗುರ್ತ ಹಿಡೀತಿದ್ರು?"

*

ಕರಡಿಗೆಗಳು ಎರಡೂ ಮದುವೆಯಲ್ಲಿ ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿಯಿಂದ ಜೋಡಿಯಾಗಿ ಮಾಡಿಸಿ ತಂದವು. ಶಿವದಾರ ಯಮುನವ್ವನೇ ಹೊಸೆಯುತ್ತಿದ್ದಳು. ಮಧ್ಯಾಹ್ನದ ಮುಸುರೆ ತಿಕ್ಕಿಟ್ಟು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಹೆಬ್ಬೆರಳಿಗೆ ನೂಲು ಸಿಕ್ಕಿಸಿ, ಮೊಣಕಾಲ ಕೆಳಗೆ ಅಂಗೈಯಿಂದ ಸರ್ರನೆ ಹೊಸೆದರೆ ಮುಗಿಯಿತು, ಕಡಿದರೂ ಕಡಿಯದು. ನೂಲ ಎಂಬ ಆ ಊರಿನ ಅವರ ಓಣಿಯಲ್ಲಿ ಮುಕ್ಕಾಲು ಪಾಲು ಕೊರಳುಗಳಲ್ಲಿದ್ದುದು ಅವಳ ಕೈಯ ದಾರವೇ.

ಅಂಥ ಒಂದು ಮಧ್ಯಾಹ್ನ ಅವನು ಕೇಳಿದ್ದ: "ದಾರಾನೂ ಒಂದ, ಕರಡಿಗೀನೂ ಒಂದ. ಎರಡೂ ಬೆರತ್ರ ಏನ ಮಾಡ್ತಿ?"

"ನಿಮ್ಮದು ನಂಗ ಗೊತ್ತಾಕ್ಕೈತಿ ತಗೋರಿ. ನಂದು ನಿಮಗ ಗೊತ್ತಾಗೂದಿಲ್ಲ, ಅದ ಖರೆ" ಎಂದು ನಕ್ಕು ಅವಳು ಚಹಾಕ್ಕೆ ಇಡಲು ಎದ್ದು ಹೋಗಿದ್ದಳು. ಅವನೂ ನಕ್ಕಿದ್ದ. ಅದರಲ್ಲಿ ನಗುವಂಥದ್ದೇನಿತ್ತೆಂದು ಈಗ ತಿಳಿಯುತ್ತಿಲ್ಲ.

*

"ಅಕೀಗೆ ಗೊತ್ತಾಕ್ಕಿತ್ತವಾ" ಎಂದ ಅಣ್ಣಾಸಾಹೇಬ ಸೊಸೆಗೆ. "ನನಗ ಗೊತ್ತಾಗೂದಿಲ್ಲ." ಹೇಳಿದ್ದೇ ತಡ, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. ಅವಳನ್ನು ಪರರ ಲಿಂಗ ಹಿಡಿಸಿ ಕಳಿಸುತ್ತಿದ್ದೇನೆಯೇ ಎಂಬ ಸಂಕಟ ಅವನದು. ತನ್ನದು ಹೋದರೆ ಏನಾದೀತೆಂಬ ಭಯ ಅದರ ಹಿಂದೆ ಎಲ್ಲೋ ಇತ್ತು.

ಸಿದ್ಧಲಿಂಗಯ್ಯನವರ ದನಿ ಇಳಿಯಿತು. "ಹೊತ್ತ ಮುಳಗಾಕ ಬಂತ್ರಿ. ಮನಸ್ಸ ಏನ ಹೇಳ್ತೈತಿ, ಹೇಳ್ರಿ. ಹಂಗ ಮಾಡೂಣು."

"ಮನಸ್ಸ ಏನೂ ಹೇಳವಲ್ದು." ಟವೆಲಿನಿಂದ ಮುಖ ಒರೆಸಿಕೊಂಡ. "ಅಕಿ ಕೊಳ್ಳಾಗ ಇದ್ದದ್ದು ಅಕೀ ಕೈಯಾಗ ಇಡ್ರಿ."

ಇಟ್ಟರು. ವಿಭೂತಿ, ಬಿಲ್ವಪತ್ರೆ, ಕೊನೆಗೆ ಮಣ್ಣು. ಎಲ್ಲರಿಗಿಂತ ಮೊದಲು ಹಿಡಿ ಮಣ್ಣು ಅವನೇ ಹಾಕಬೇಕಾಯಿತು.

*

ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಬಗಲ ಮನೆಯವರು ಬುಟ್ಟಿಯಲ್ಲಿ ರೊಟ್ಟಿ, ಕಡಲೆಹಿಟ್ಟಿನ ಬಿಸಿ ಜುಣಕ ತಂದಿಟ್ಟು ಹೋಗಿದ್ದರು. ಲಿಂಗಪೂಜೆಯಾಗದೆ ಅಣ್ಣಾಸಾಹೇಬ ನೀರೂ ಮುಟ್ಟುವವನಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಜಳಕ ಮಾಡಿ ಬಂದು ಮಣೆಯ ಮೇಲೆ ಕುಳಿತು ಕರಡಿಗೆ ತೆರೆದ.

ಮುಚ್ಚಳದ ಸಂದಿನಲ್ಲಿ ಬೆಳ್ಳಗೆ ಏನೋ ಒಣಗಿ ಕೂತಿತ್ತು. ಉಗುರಿನಿಂದ ಕೆರೆದು ಬೆರಳ ತುದಿಯಲ್ಲಿ ತಿಕ್ಕಿ ನೋಡಿದ. ಜೋಳದ ಹಿಟ್ಟು.

ಅವನು ಹುಟ್ಟಿದಾಗಿನಿಂದ ರೊಟ್ಟಿ ಹಿಟ್ಟಿನ ಕೊಣಮಿಗೆಯಲ್ಲಿ ಕೈಯಿಟ್ಟವನಲ್ಲ. ಹಿಟ್ಟು ನಾದುತ್ತಲೇ ನೂರು ಸಲ ಸೆರಗು, ಕೊರಳು ಸರಿಮಾಡಿಕೊಳ್ಳುತ್ತಿದ್ದವಳು ಆ ಮನೆಯಲ್ಲಿ ಒಬ್ಬಳೇ. ಹಾಗಾದರೆ ಹೊಲದ ಕುಣಿಯಲ್ಲಿ, ಅವಳ ಅಂಗೈಯಲ್ಲಿರುವುದು ತನ್ನದು. ಹೆದರಬೇಕಿತ್ತು. ಹೆದರಿಕೆ ಬರಲಿಲ್ಲ.

"ಗುರ್ತ ಸಿಕ್ತೇನ್ರಿ ಮಾವಾರ?" ತಾಟು ತಂದಿಟ್ಟು ಪೂನಮ ಕೇಳಿದಳು.

ಅಣ್ಣಾಸಾಹೇಬ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು, ರೊಟ್ಟಿ ಮುರಿದು, ಜುಣಕ ಹಚ್ಚಿ, ತುತ್ತನ್ನು ಅದರ ಮುಂದೆ ಹಿಡಿದ. ದಿನವೂ ಲಿಂಗಕ್ಕೆ ತುತ್ತು ತೋರಿಸುವುದೆಂದರೆ ಅವನಿಗೆ ಕಣ್ಣು ಮಿಟುಕಿಸುವಷ್ಟರ ಕೆಲಸ, ತೋರಿಸಿದ್ದೇ ಬಾಯಿಗೆ. ಇಂದು ಕೈ ಹಿಂದಕ್ಕೆ ಬರಲಿಲ್ಲ. ತಾಟಿನಲ್ಲಿ ಜುಣಕ ಆರುತ್ತಿತ್ತು.

"ಮೊದ್ಲ ನೀ ಉಣ್ಣ" ಎಂದ.

ತನಗೇ ಹೇಳಿದನೆಂದು ತಿಳಿದ ಪೂನಮ, "ನಂದು ಆಮ್ಯಾಲ ಆಕ್ಕೈತ್ರಿ, ನೀವು ಉಣ್ರಿ" ಎಂದಳು.

ಅವನು ತುತ್ತು ಹಿಡಿದುಕೊಂಡೇ ಕುಳಿತಿದ್ದ.