ಎರಡು ಸಲ ಬಿದ್ದ ಉಪ್ಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ರಂಜಾನ್ ತಿಂಗಳಲ್ಲಿ ಅದನ್ನು ಹಗಲೆಲ್ಲ ನುಂಗಿಕೊಂಡಿರುವುದು ನನಗೆ ಹಸಿವಿಗಿಂತ ಕಷ್ಟ. ಅಂಥದ್ದರಲ್ಲಿ ನಮ್ಮವರು ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದರಲ್ಲ!

ನಮ್ಮವರದು ಗಡಿಯಾರ ರಿಪೇರಿಯ ಅಂಗಡಿ. ಅವರಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಬೆಳಗಾಗುವ ಮುಂಚೆ ಮಾತ್ರೆ ನುಂಗಿ ರೋಜಾ ಉಪವಾಸವಿದ್ದು, ಮಧ್ಯಾಹ್ನ ಅಂಗಡಿಯಲ್ಲೇ ಸಕ್ಕರೆ ಇಳಿದು, ಬೆವತು, ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟರು. ಮೇಜಿನ ಅಂಚು ಬಡಿದು ಹುಬ್ಬಿಗೆ ಹೊಲಿಗೆ ಹಾಕಬೇಕಾಯಿತು.

"ನಿಮ್ಮ ಮನೆಯವರು ಗಟ್ಟಿ ಇದ್ದಾರೆ, ಅವರಿಗೆ ನಾನು ಬೇಡ ಅನ್ನಲ್ಲ. ನಿಮಗೆ ಮಾತ್ರ ಬೇಡ. ಇನ್ನೊಂದು ಸಲ ಬಿದ್ರೆ ಏಳ್ತೀರಿ ಅಂತ ನಾನು ಹೇಳಕ್ಕಾಗಲ್ಲ," ಎಂದಿದ್ದರು ಡಾಕ್ಟರಮ್ಮ. ಮಸೀದಿಯ ಗುರುಗಳೂ ಅದನ್ನೇ ಹೇಳಿದರು. ವಾಸಿಯಾಗದ ಕಾಯಿಲೆ ಇದ್ದವರಿಗೆ ರೋಜಾ ಕಡ್ಡಾಯವಲ್ಲ. ಬಿಟ್ಟ ಒಂದೊಂದು ದಿನಕ್ಕೂ ಒಬ್ಬ ಬಡವನಿಗೆ ಹೊಟ್ಟೆ ತುಂಬ ಊಟ ಹಾಕಿದರೆ ಸಾಕು. ನಮ್ಮವರು ಕೋಲೆ ಬಸವನ ಹಾಗೆ ತಲೆಯಾಡಿಸಿದರು. ಊಟವನ್ನು ತಿಂಗಳ ಕೊನೆಗೆ ಒಟ್ಟಿಗೆ ಹಾಕಿಸೋಣ ಎಂದರು.

ಈ ವರ್ಷ ದಿನವೂ ಬೆಳಗ್ಗೆ ಅವರಿಗೆ ಊಟದ ಡಬ್ಬಿ ಕಟ್ಟಿಕೊಡುತ್ತಿದ್ದೆ. ಸಂಜೆ ಡಬ್ಬಿ ತೊಳೆದಷ್ಟು ಖಾಲಿಯಾಗಿ ಬರುತ್ತಿತ್ತು. ಮುಖ ಬಾಡಿರುತ್ತಿತ್ತು, ಕೇಳಿದರೆ ಬಿಸಿಲು ಎನ್ನುತ್ತಿದ್ದರು. ನಾನು ಪೆದ್ದಿ, ನಂಬಿದೆ.

ಆ ದಿನ ಆಲೂಗಡ್ಡೆ ಪಲ್ಯ ಮಾಡಿದ್ದೆ. ರೋಜಾದಲ್ಲಿ ನಾಲಿಗೆ ತುದಿಗೆ ಮುಟ್ಟಿಸಿ ಉಗಿದರೆ ತಪ್ಪಿಲ್ಲ ಎನ್ನುವವರಿದ್ದಾರೆ, ನನಗೆ ಮಾತ್ರ ಅಷ್ಟು ಧೈರ್ಯವಿಲ್ಲ. ನೋಡಿ, ಮೂಸಿ, ಅಂದಾಜಿನಲ್ಲೇ ಅಡುಗೆ. ಉಪ್ಪು ಹಾಕಿ ನಾನು ಬಟ್ಟೆ ಒಣಗಿಸಲು ಹೋದೆ. ಅತ್ತೆ ಮರೆತರು ಅಂದುಕೊಂಡು ಸೊಸೆಯೂ ಉಪ್ಪು ಹಾಕಿದಳು. ಅವಳದೂ ರೋಜಾ, ಅವಳೂ ರುಚಿ ನೋಡಲಿಲ್ಲ. ಅದೇ ಪಲ್ಯ ಡಬ್ಬಿಗೂ ಹೋಯಿತು, ಉಳಿದದ್ದು ಸಂಜೆಗೆ ಪಾತ್ರೆಯಲ್ಲಿತ್ತು.

ಸಂಜೆ ನಮ್ಮವರು ಒಳಗೆ ಕಾಲಿಟ್ಟ ತಕ್ಷಣ ನಾನು ಕೇಳಿದೆ. "ಪಲ್ಯ ಹೇಗಿತ್ತು?"

"ಫಸ್ಟ್ ಕ್ಲಾಸ್! ಇಷ್ಟು ದಿನದಲ್ಲಿ ಇಷ್ಟು ಚೆನ್ನಾಗಿ ಮಾಡಿರಲಿಲ್ಲ ನೀನು."

ನಾನು ಉಬ್ಬಿಹೋದೆ. ಮಸೀದಿಯಲ್ಲಿ ಅಜಾನ್ ಆಯಿತು. ಖರ್ಜೂರ ತಿಂದು, ನೀರು ಕುಡಿದು, ಮಗ ಮೊದಲ ತುತ್ತು ಬಾಯಿಗಿಟ್ಟ.

"ಅಯ್ಯಯ್ಯೋ! ಇದೇನಮ್ಮ, ಉಪ್ಪಿನ ಮೂಟೆಗೆ ಆಲೂಗಡ್ಡೆ ಹಾಕಿದ್ಯಾ?"

ನಾನೂ ಬಾಯಿಗಿಟ್ಟೆ. ಥೂ! ನಾಯಿಯೂ ಮೂಸುವಂತಿರಲಿಲ್ಲ. ತಲೆಯೆತ್ತಿ ನಮ್ಮವರ ಕಡೆ ನೋಡಿದೆ. ಅವರು ತಟ್ಟೆಯಲ್ಲಿ ಏನೋ ಹುಡುಕುತ್ತಿದ್ದರು.

"ಫಸ್ಟ್ ಕ್ಲಾಸ್ ಆಗಿತ್ತಾ?" ಎಂದೆ. "ಡಬ್ಬಿ ಯಾರು ತಿಂದ್ರು?"

"ಅಂಗಡಿ ಮುಂದೆ ಕೂರ್ತಾನಲ್ಲ, ಕೊಡೆ ರಿಪೇರಿಯವನು... ಅವನೇ ಹಾಗಂದ."

"ದಿನಾನೂ ಅವನೇನಾ?"

"ದಿನಾನೂ."

ಸದ್ಯ, ಹೊತ್ತು ಮುಳುಗಿತ್ತು. ಬೆಳಗಿನಿಂದ ನುಂಗಿದ್ದ ಸಿಟ್ಟೆಲ್ಲ ಒಟ್ಟಿಗೆ ಹೊರಬಿತ್ತು. ಹುಬ್ಬಿನ ಹೊಲಿಗೆ ಮರೆತುಹೋಯ್ತಾ, ಡಾಕ್ಟರಮ್ಮ ಏನು ಸುಮ್ಮನೆ ಹರಟಿದ್ರಾ ಎಂದು ಕೂಗಾಡಿದೆ. ನಮ್ಮವರು ಎಲ್ಲ ಕೇಳಿಸಿಕೊಂಡು, ಮೆಲ್ಲಗೆ ಅಂದರು:

"ಮನೆಯವರೆಲ್ಲ ಹಸಿದಿರುವಾಗ ನಾನೊಬ್ಬ ತಿಂದ್ಕೊಂಡು ಬಂದು, ಯಾವ ಮುಖ ಇಟ್ಕೊಂಡು ನಿಮ್ಮ ಜೊತೆ ಖರ್ಜೂರಕ್ಕೆ ಕೈ ಚಾಚಲಿ? ನಾನು ಈ ಮನೆಯವನೇ ಅಲ್ಲ ಅನ್ನಿಸುತ್ತೆ ಕಣೆ."

"ನೀವೇ ಇಲ್ಲದಿದ್ರೆ ನಾನು ಯಾರ ಜೊತೆ ಕೂತು ಖರ್ಜೂರ ತಿನ್ನಲಿ? ಅದನ್ನ ಹೇಳಿ ಮೊದಲು," ಎಂದೆ. ಸೊಸೆ ನಗು ತಡೆಯಲಾಗದೆ ಅಂದಳು: "ಅತ್ತೆ, ಒಂದು ಲಾಭ ನೋಡಿ. ಬಡವನ ಊಟ ತಿಂಗಳ ಕೊನೆಗಲ್ಲ, ಆಗಲೇ ಶುರುವಾಗಿದೆ. ನಾಳೆಯಿಂದ ಮಾವನದೂ ಒಂದು ಡಬ್ಬಿ ಕಟ್ಟಿದ್ರಾಯ್ತು."

ಮರುದಿನ ಬೆಳಗ್ಗೆ ಒಲೆ ಮುಂದೆ ನಿಂತು ಕೂಗಿದೆ. "ರೀ, ಇಲ್ಲಿ ಬನ್ನಿ. ಈ ಮನೇಲಿ ರೋಜಾ ಇಲ್ಲದ ನಾಲಿಗೆ ನಿಮ್ಮದೊಂದೇ. ಉಪ್ಪು ನೋಡಿ."

ಅವರು ಚಮಚ ಹಿಡಿದು ನನ್ನ ಮುಖ ನೋಡಿದರು. ಆಮೇಲೆ ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ, ಗಡಿಯಾರದೊಳಗಿನ ಚಕ್ರ ನೋಡುವಷ್ಟೇ ಶ್ರದ್ಧೆಯಿಂದ ರುಚಿ ನೋಡಿದರು.

"ಒಂದು ಚಿಟಿಕೆ ಬೇಕು," ಎಂದರು. ಹಾಕಿದೆ.

ಮಧ್ಯಾಹ್ನ ಎರಡು ಡಬ್ಬಿ ಹಿಡಿದು ನಾನೇ ಅಂಗಡಿಗೆ ಹೋದೆ. ಕೊಡೆಯವನನ್ನು ಮೊದಲು ವಿಚಾರಿಸಿಕೊಂಡೆ. "ಅಷ್ಟು ಉಪ್ಪು ತಿಂದು ಸುಮ್ಮನಿದ್ಯಲ್ಲಪ್ಪ, ಹೇಳಬಾರದಿತ್ತಾ?"

"ನೀವು ಹಸಿದ್ಕೊಂಡು ಮಾಡಿ ಕಳಿಸ್ತೀರಿ ಅಕ್ಕ. ನಾನು ಹೊಟ್ಟೆ ತುಂಬಿಸ್ಕೊಂಡು ಕೊಂಕು ತೆಗೆಯಲಾ? ಎರಡು ಚೊಂಬು ನೀರು ಜಾಸ್ತಿ ಕುಡಿದೆ, ಅಷ್ಟೇ."

ಇಬ್ಬರೂ ಎದುರುಬದುರು ಕೂತು ಉಂಡರು. ನಮ್ಮವರು ಕೊನೆಯ ತುತ್ತು ನುಂಗುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಉಂಡ ಮೇಲೆ ಅವರು ಕೈತೊಳೆದು ಹೆಂಗಸರ ವಾಚೊಂದನ್ನು ತೆಗೆದು, ಸಾಸಿವೆಗಿಂತ ಚಿಕ್ಕ ತಿರುಪನ್ನು ಒಂದೇ ಸಲಕ್ಕೆ ಕೂರಿಸಿದರು. ಅದನ್ನು ನೋಡಿದ ಮೇಲೆಯೇ ನನಗೆ ಸಮಾಧಾನವಾದದ್ದು.

ಆ ಸಂಜೆ ಎಲ್ಲರಿಗಿಂತ ಮೊದಲು ಖರ್ಜೂರದ ತಟ್ಟೆಗೆ ಕೈ ಹಾಕಿದವರು ನಮ್ಮವರೇ.

"ಮಾವ, ಅಜಾನ್ ಇನ್ನೂ ಆಗಿಲ್ಲ!" ಎಂದಳು ಸೊಸೆ.

"ನನಗೇನಮ್ಮ, ನನ್ನದು ಮಧ್ಯಾಹ್ನವೇ ಆಯ್ತು," ಎಂದು ನಕ್ಕರು. ಆದರೂ ಖರ್ಜೂರವನ್ನು ಬಾಯಿಗಿಡಲಿಲ್ಲ. ಅಂಗೈಯಲ್ಲಿಟ್ಟುಕೊಂಡು, ನನಗೆ ಒತ್ತಿಕೊಂಡು ಕೂತು, ನಮ್ಮೆಲ್ಲರ ಜೊತೆ ಕಾದರು.