ಒತ್ತು ಕೊಟ್ಟವರು

ದೇವನಹಳ್ಳಿ ಪೇಟೆಯಲ್ಲಿ ಗಿಟಾರ್ ಕ್ಲಬ್ ಯಾರದು ಅಂತ ಕೇಳಿದರೆ ಎಲ್ಲರೂ ಗೋಪಾಲಪ್ಪ ಮೇಷ್ಟ್ರ ಹೆಸರು ಹೇಳುತ್ತಿದ್ದರು. ಎಲ್ಲಿದೆ ಅಂತ ಕೇಳಿದರೆ ಮಾತ್ರ ಖಲೀಲುಲ್ಲಾನ ಟೈಲರ್ ಅಂಗಡಿಯ ಕಡೆ ಕೈ ತೋರಿಸುತ್ತಿದ್ದರು.

ಮೇಷ್ಟ್ರು ಗಿಟಾರ್ ಕಲಿತದ್ದು ಚಿಕ್ಕಬಳ್ಳಾಪುರದ ರೈಲಿನಲ್ಲಿ ಗಾರ್ಡ್ ಆಗಿದ್ದ ಒಬ್ಬ ಆಂಗ್ಲೋ ಇಂಡಿಯನ್ ದೊರೆಯಿಂದ. ಯುದ್ಧ ಮುಗಿದು ದಂಡಿನವರು ಊರಿಗೆ ಹೊರಟಾಗ ಬೆಂಗಳೂರು ಕಂಟೋನ್ಮೆಂಟಿನಲ್ಲಿ ಮೇಷ್ಟ್ರಿಗೊಂದು ಒಳ್ಳೆಯ ಗಿಟಾರ್ ಸಿಕ್ಕಿತು. ಗಾರ್ಡ್ ದೊರೆ ವರ್ಗವಾಗಿ ಹೋಗುವಾಗ ತನ್ನ ಬಿರುಕು ಬಿಟ್ಟ ಹಳೇ ಗಿಟಾರನ್ನು ಗಂಗಣ್ಣನ ಕೈಗೆ ಕೊಟ್ಟುಹೋದ. ಗಂಗಣ್ಣ ನಲ್ಲೂರು ರಸ್ತೆಯಲ್ಲಿ ಚಕ್ಕೋತದ ತೋಟ ಮಾಡಿಕೊಂಡಿದ್ದ ದೊಡ್ಡ ಆಳು. ರೈಲಿಗೆ ಚಕ್ಕೋತ ಹಾಕಲು ಬಂದು ಬಂದು ಗಾರ್ಡಿನ ಸ್ನೇಹವಾಗಿತ್ತು, ತಂತಿ ಒತ್ತಿ ಹಿಡಿಯುವ ನಾಲ್ಕಾರು ಪಟ್ಟುಗಳನ್ನೂ ಅವನಿಂದ ಕಲಿತಿದ್ದ. ಆ ಒರಟು ಬೆರಳುಗಳು ತಂತಿಯ ಮೇಲೆ ಇಷ್ಟು ಮೆತ್ತಗೆ ಓಡಾಡುತ್ತವೆ ಅಂತ ಕಣ್ಣಾರೆ ನೋಡಿದವರೂ ನಂಬುತ್ತಿರಲಿಲ್ಲ.

ಹೀಗೆ ಇಬ್ಬರಾದರು. ಕೂರಲು ಜಾಗ ಬೇಕಲ್ಲ? ಖಲೀಲುಲ್ಲಾ ತನ್ನ ಅಂಗಡಿ ಬಿಟ್ಟುಕೊಟ್ಟ. ಭಾನುವಾರ ಮಧ್ಯಾಹ್ನವಾದರೆ ಸಾಕು, ಹೊಲಿಗೆ ಮಿಷಿನ್ನು ಮೂಲೆಗೆ ಸರಿಸಿ, ಬಟ್ಟೆಯ ಚೂರುಗಳನ್ನೆಲ್ಲ ಗುಡಿಸಿ, ಜಮಖಾನ ಹಾಸುವನು. ಬೆಂಗಳೂರಿಗೆ ಯಾರೇ ಹೋಗಲಿ, ಅವರ ಬೆನ್ನುಬಿದ್ದು ತಂತಿ ತರಿಸುವನು. ಎರಡೂ ಗಿಟಾರಿಗೆ ಕೋಟಿನ ಬಟ್ಟೆಯಲ್ಲಿ ಅಂಗಿ ಹೊಲಿದಿದ್ದ. ಒಳಮನೆಯ ಪರದೆಯ ಹಿಂದಿನಿಂದ ಅವನ ಹೆಂಡತಿ ಅನ್ವರ್ ಬೇಗಂ ಟೀ ಕಳಿಸುತ್ತಿದ್ದಳು. ಸಂಜೆಗೆ ಬೀದಿಯವರೆಲ್ಲ ಜಗಲಿ ತುಂಬುತ್ತಿದ್ದರು. ಎದುರಿಗೆ ಹೂ ಮಾರುವ ಅಮ್ಮಯಮ್ಮ ಮಾತ್ರ ಬುಟ್ಟಿ ಬಿಟ್ಟು ಎದ್ದವಳಲ್ಲ. ಅಲ್ಲೇ ಕೂತು ಹೂ ಕಟ್ಟುತ್ತಾ ಕೇಳುವಳು.

ಮೇಷ್ಟ್ರು ತಾವೇ ಒಂದು ಧಾಟಿ ಕಟ್ಟಿದ್ದರು. ಅದಕ್ಕೆ ಮಾತಿರಲಿಲ್ಲ, ಬರೀ ರಾಗ. ಕ್ಲಬ್ಬು ಶುರುವಾಗುತ್ತಿದ್ದದ್ದೇ ಅದರಿಂದ. ಮೇಷ್ಟ್ರು ಅದನ್ನು ನುಡಿಸುವಾಗ ಗಂಗಣ್ಣ ಹಿಂದೆ ಕೂತು ಒತ್ತು ಕೊಡುವನು, ನಾಗಸ್ವರದವರ ಜೊತೆ ಒತ್ತಿನವನು ಒಂದೇ ಸ್ವರ ಹಿಡಿದು ಕೂರುವಂತೆ. ಮುಗಿದ ಮೇಲೆ ಜನ ಮೇಷ್ಟ್ರನ್ನು ಸುತ್ತಿಕೊಂಡು ಹೊಗಳುವರು. "ನೀನೂ ಏನೋ ಗೀರ್ತಾ ಇದ್ದೆಯಲ್ಲೋ ಗಂಗಣ್ಣ" ಅಂತ ಯಾರಾದರೂ ತಮಾಷೆ ಮಾಡಿದರೆ ಅವನು ನಕ್ಕು ತಲೆ ತಗ್ಗಿಸುವನು. ಅಷ್ಟರಲ್ಲಿ ಖಲೀಲುಲ್ಲಾ ಜಮಖಾನ ಮಡಿಸುತ್ತಿದ್ದ. ಅವನಿಗೆ ಒಂದು ಮಾತು ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಅವನಿಗೂ ತೋಚಿರಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಪೇಟೆಯಲ್ಲಿ ಇಲಿ ಬಿದ್ದವು.

ಮೊದಲು ಮಂಡಿಯ ಅಟ್ಟದಲ್ಲಿ, ಆಮೇಲೆ ಬೀದಿ ಬೀದಿಯಲ್ಲಿ. ಪ್ಲೇಗು ಅನ್ನುವ ಮಾತು ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಊರು ಖಾಲಿಯಾಗತೊಡಗಿತು. ಗೋಪಾಲಪ್ಪ ಮೇಷ್ಟ್ರು ಮನೆಮಂದಿಯನ್ನೂ ಗಿಟಾರನ್ನೂ ರೈಲು ಹತ್ತಿಸಿಕೊಂಡು ಬೆಂಗಳೂರಿನ ಅಕ್ಕನ ಮನೆಗೆ ಹೋದರು. ಹೋಗಲು ಅಂಥ ನೆಂಟರಿಲ್ಲದವರಿಗೆ ಗಂಗಣ್ಣ, "ನಮ್ಮ ರಾಗಿ ಹೊಲ ಕೊಯ್ದಾಗಿದೆ, ಬಂದು ಗುಡಿಸ್ಲು ಹಾಕ್ಕೊಳ್ರಪ್ಪಾ" ಅಂತ ಹೇಳಿಕಳಿಸಿದ.

ಖಲೀಲುಲ್ಲಾನ ಸಾಮಾನು ಸಾಗಿಸಲು ಹೈದರನ ಜಟಕಾ ಬಂತು. ಇನ್ನೊಂದು ಸಲ ಬರಲು ಕುದುರೆಗೂ ಹೈದರನಿಗೂ ಬಿಡುವಿರಲಿಲ್ಲ, ಅಷ್ಟು ಜನ ಕಾಯುತ್ತಿದ್ದರು. ಮಿಷಿನ್ನು ಏರಿತು, ಪಾತ್ರೆ ಹಾಸಿಗೆ ಏರಿದವು. ಇನ್ನು ಉಳಿದ ಜಾಗದಲ್ಲಿ ಬೇಗಂಳ ತವರಿನ ತಗಡಿನ ಪೆಟ್ಟಿಗೆ ಹಿಡಿಸಬೇಕು, ಇಲ್ಲವೇ ಅಂಗಡಿಯಲ್ಲೇ ಇರುತ್ತಿದ್ದ ಗಂಗಣ್ಣನ ಗಿಟಾರ್ ಹಿಡಿಸಬೇಕು.

"ನನ್ನ ಪೆಟ್ಟಿಗೆ ಬಿಟ್ಟು ಆ ಸೋರೆಬುರುಡೆ ತಗೊಂಡು ಹೋಗ್ತೀರಾ?" ಅಂದಳು ಅನ್ವರ್ ಬೇಗಂ.

"ಪೆಟ್ಟಿಗೆ ನಮ್ಮದು ಬೇಗಂ, ಹೋದ್ರೆ ನಮ್ಮದು ಹೋಯ್ತು. ಇದು ಅವನು ನಂಬಿ ಇಟ್ಟಿರೋದು."

ಪೆಟ್ಟಿಗೆ ಅಲ್ಲೇ ಉಳಿಯಿತು, ಅವಳು ದಾರಿಯುದ್ದಕ್ಕೂ ಮುಖ ತಿರುಗಿಸಿ ಕೂತಳು. ಆದರೆ ಹೊಲದಲ್ಲಿ ಗುಡಿಸಲು ಎದ್ದ ಮೊದಲ ದಿನವೇ, ತೆಂಗಿನ ಗರಿಯ ಸಂದಿಯಿಂದ ಇಬ್ಬನಿ ತೊಟ್ಟಿಕ್ಕುವುದನ್ನು ನೋಡಿ ತನ್ನ ಶಾಲನ್ನು ಗಿಟಾರಿಗೆ ಹೊದಿಸಿದಳು. ಖಲೀಲುಲ್ಲಾ ಅದನ್ನು ಕಂಡೂ ಕಾಣದವನ ಹಾಗೆ ಇದ್ದ. ಏನಾದರೂ ಅಂದರೆ ಅವಳು ಶಾಲು ವಾಪಸು ತಗೊಂಡಾಳು.

ಹೊಲದ ತುಂಬ ಗುಡಿಸಲುಗಳು. ಚುಚ್ಚುಮದ್ದಿನವರು ಬಂದರು, ಎಲ್ಲರ ತೋಳೂ ಊದಿಕೊಂಡವು. ಜನ ಪಿಸುಮಾತಿನಲ್ಲಿ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಮಕ್ಕಳೂ ಜೋರಾಗಿ ಅಳುತ್ತಿರಲಿಲ್ಲ. ಹೂವಿನ ಅಮ್ಮಯಮ್ಮ ಸೊಸೆ ನರಸಮ್ಮನ ಜೊತೆ ಖಲೀಲುಲ್ಲಾನ ಪಕ್ಕದ ಗುಡಿಸಲಲ್ಲೇ ಇದ್ದಳು. ಮಗ ತೀರಿಕೊಂಡ ಮೇಲೆ ಅವಳಿಗೆ ಸೊಸೆಯೇ ಮಗಳು. ದಿನ ಬೆಳಗಾದರೆ ಇಬ್ಬರೂ ಜಗಳವಾಡುವರು, ಒಂದೇ ತಟ್ಟೆಯಲ್ಲಿ ಉಣ್ಣುವರು.

ಒಂದು ದಿನ ನರಸಮ್ಮನಿಗೆ ಜ್ವರ ಬಂತು, ಕಂಕುಳಲ್ಲಿ ಗೆಡ್ಡೆ ಎದ್ದಿತು. ರೋಗಿಗಳಿಗೆಂದು ಸರ್ಕಾರದವರು ಕೆರೆಯ ಅಂಗಳದ ಆಚೆ ದಡದಲ್ಲಿ ಬೇರೆ ಶೆಡ್ಡು ಹಾಕಿದ್ದರು. ಅವಳನ್ನು ಅಲ್ಲಿಗೆ ಹೊತ್ತುಕೊಂಡು ಹೋದರು. ಅತ್ತ ಯಾರೂ ಸುಳಿಯುವಂತಿರಲಿಲ್ಲ.

ಅಮ್ಮಯಮ್ಮ ಗುಡಿಸಲ ಮುಂದೆ ಆ ಶೆಡ್ಡಿನ ಕಡೆ ಮುಖ ಮಾಡಿ ಕೂತುಬಿಟ್ಟಳು. ಗಂಗಣ್ಣನ ಹೆಂಡತಿ ಮುನಿತಾಯಮ್ಮ ಮುದ್ದೆ ತಂದಿಟ್ಟರೆ ಹಾಗೇ ತಣ್ಣಗಾಗುತ್ತಿತ್ತು. ಯಾರು ಏನು ಹೇಳಿದರೂ ಅವಳು ತಲೆ ಎತ್ತಲಿಲ್ಲ. ಮಾತೇ ನಿಂತುಹೋಯಿತೇನೋ ಅಂತ ಎಲ್ಲರೂ ಹೆದರಿದ್ದಾಗ ಒಂದು ಸಂಜೆ ಅವಳಾಗಿಯೇ ಕೇಳಿದಳು.

"ಖಲೀಲಪ್ಪ, ಇವತ್ತು ಭಾನುವಾರ ಅಲ್ವಾ?"

"ಹೂಂ ಕಣಮ್ಮ."

"ಮತ್ತೆ ಬಾರಿಸಲ್ವಾ?"

"ಮೇಷ್ಟ್ರು ಇಲ್ವಲ್ಲಮ್ಮ. ಬೆಂಗಳೂರಿಗೆ ಹೋಗಿದ್ದಾರೆ."

ಅಮ್ಮಯಮ್ಮ ಅವನನ್ನೇ ನೋಡಿದಳು. "ಅವರಿಲ್ದಿದ್ರೆ ನೀವು ಯಾರೂ ಇಲ್ವಾ?"

ಆ ಮಾತು ಅವನನ್ನು ಕೂರಲು ಬಿಡಲಿಲ್ಲ. ಶಾಲು ಸಮೇತ ಗಿಟಾರ್ ಎತ್ತಿಕೊಂಡು ತೋಟದ ಕಡೆ ನಡೆದ. ಗಂಗಣ್ಣ ಬಾವಿಯ ಮೇಲೆ ಕಪಿಲೆ ಹೊಡೆದು ನೀರು ಹಾಯಿಸಿ, ಎತ್ತುಗಳನ್ನು ಬಿಚ್ಚುತ್ತಿದ್ದ. ವಿಷಯ ಕೇಳಿ ಎರಡು ಹೆಜ್ಜೆ ಹಿಂದಕ್ಕೆ ಹೋದ.

"ನನ್ನ ಕೈಲಾಗಲ್ಲ ಖಲೀಲಣ್ಣ. ನಾನು ಒತ್ತು ಕೊಡೋನು. ಹಾಡೇ ಇಲ್ದೆ ಯಾವುದಕ್ಕೆ ಅಂತ ಒತ್ತು ಕೊಡ್ಲಿ?"

"ಬರೀ ಒತ್ತೇ ಬಾರಿಸು."

"ಜನ ನಗ್ತಾರೆ."

"ನಗಲಿ ಬಿಡೋ. ನಕ್ಕು ಎಷ್ಟು ದಿನ ಆಯ್ತು!"

ಗಂಗಣ್ಣ ಕೈ ತೊಳೆದುಕೊಂಡು ಬಂದ. ಅಮ್ಮಯಮ್ಮನ ಗುಡಿಸಲ ಮುಂದೆ, ಅವಳಿಗೆ ಸ್ವಲ್ಪ ದೂರದಲ್ಲಿ, ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ತಂತಿ ಬಿಗಿ ಮಾಡಿದ. ಜನ ಒಬ್ಬೊಬ್ಬರೇ ಬಂದು ನಿಂತರು. ಅವನು ಶುರು ಮಾಡಿದ. ಮೂರು ಪಟ್ಟಿನ ಮೇಲೆ ಬೆರಳು ಹೋಗಿ ಬಂದು, ಹೋಗಿ ಬಂದು, ಎತ್ತಿನ ಗಾಡಿ ನಡೆದ ಹಾಗೆ ಒಂದೇ ಸಮನೆ. ಜನ ಕಾದರು. ಇನ್ನೂ ಏನೋ ಬರುತ್ತದೆ, ಇದು ಬರೀ ಶುರು ಅಂದುಕೊಂಡರು. ಏನೂ ಬರಲಿಲ್ಲ. ಹಿಂದೆ ನಿಂತಿದ್ದವರು ಮೆಲ್ಲನೆ ತಿರುಗಿ ಹೊರಟರು. ಗಂಗಣ್ಣನ ಕಿವಿ ಕೆಂಪಾಯಿತು. ಆದರೂ ಅವನ ಕೈ ನಿಲ್ಲಲಿಲ್ಲ.

ಖಲೀಲುಲ್ಲಾನಿಗೆ ಮಾತ್ರ ಹಾಡು ಕೇಳುತ್ತಿತ್ತು. ಇಷ್ಟು ದಿನ ಜಮಖಾನ ಹಾಸುತ್ತಾ, ದೀಪದ ಗಾಜು ಒರೆಸುತ್ತಾ, ಗುಂಡಿ ಹಾಕುತ್ತಾ ಅವನು ಕೇಳಿದ್ದ ಮೇಷ್ಟ್ರ ಧಾಟಿ ಆ ಒತ್ತಿನ ಮೇಲೆ ತಾನಾಗಿ ನಡೆಯುತ್ತಿತ್ತು. ಇಷ್ಟು ಸ್ಪಷ್ಟವಾಗಿರುವುದು ಬೇರೆಯವರಿಗೆ ಯಾಕೆ ಕೇಳುತ್ತಿಲ್ಲ ಅಂತ ಅವನಿಗೆ ಆಶ್ಚರ್ಯ. ಆಮೇಲೆ ಹೊಳೆಯಿತು, ಅದು ತನ್ನ ತಲೆಯೊಳಗೆ ಇರುವುದು.

ಅವನು ಜನ್ಮದಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವನಲ್ಲ. ಒಂದು ಸಲ ಕೆಮ್ಮಿ, ನೆಲ ನೋಡುತ್ತಾ, ಗುನುಗಿದ. ಮೊದಲ ಸಾಲು ಅವನಿಗೇ ಕೇಳಿಸಲಿಲ್ಲ. ಎರಡನೆಯದಕ್ಕೆ ಗಂಗಣ್ಣ ತಟ್ಟನೆ ತಲೆ ಎತ್ತಿದ. ಅವನ ಮುಖ ನೋಡಿ ಖಲೀಲುಲ್ಲಾನಿಗೆ ಧೈರ್ಯ ಬಂತು. ದನಿ ಒರಟಾಗಿತ್ತು, ಮೇಲಕ್ಕೆ ಹೋದಲ್ಲಿ ಒಡೆಯಿತು, ಆದರೆ ದಾರಿ ಎಲ್ಲೂ ತಪ್ಪಲಿಲ್ಲ.

ಹೊರಟಿದ್ದವರು ನಿಂತರು. "ಅಯ್ಯೋ, ನಮ್ಮ ಬೀದಿ ಹಾಡು ಕಣ್ರೋ!" ಅಂತ ಯಾವನೋ ಕೂಗಿದ. ಒಬ್ಬರು ಗುನುಗಿದರು, ಇನ್ನೊಬ್ಬರು ಸೇರಿಕೊಂಡರು. ಭಾನುವಾರ ಭಾನುವಾರ ಜಗಲಿಯಲ್ಲಿ ಕೂತು ಕೇಳಿದ್ದು ಎಲ್ಲರ ಬಾಯಲ್ಲೂ ಇತ್ತು. ಹಾಗೆ ನಡೆಯುತ್ತಿರುವಾಗ ಎಲ್ಲರನ್ನೂ ಮೀರಿಸಿ ಒಂದು ದನಿ ಎದ್ದಿತು. ಶ್ರುತಿ ಅನ್ನುವುದರ ಗೊಡವೆಯೇ ಇಲ್ಲದ, ಹೂ ಕೂಗಿ ಕೂಗಿ ಪಳಗಿದ ದನಿ. ಅಮ್ಮಯಮ್ಮ ಕೆರೆಯ ಕಡೆ ಮುಖ ಮಾಡಿಕೊಂಡೇ ಹಾಡುತ್ತಿದ್ದಳು. ಪಕ್ಕದವರಿಗೆ ನಗು ಬಂತು. ಆ ನಗು ಗುಡಿಸಲಿಂದ ಗುಡಿಸಲಿಗೆ ಹೋಯಿತು. ಆವತ್ತು ಮುನಿತಾಯಮ್ಮ ಇಟ್ಟ ಮುದ್ದೆಯಲ್ಲಿ ಅಮ್ಮಯಮ್ಮ ಅರ್ಧ ಉಂಡಳು.

ಅಲ್ಲಿಂದ ಮುಂದೆ ಭಾನುವಾರಕ್ಕೆ ಯಾರೂ ಕಾಯಲಿಲ್ಲ. ಬಿಸಿಲು ಇಳಿದರೆ ಗಂಗಣ್ಣ ತೋಟದಿಂದ ಬರುವನು. ಹೈದರ್ ಕುದುರೆಗೆ ಹುಲ್ಲು ಹಾಕಿ ತಗಡಿನ ಡಬ್ಬ ತಟ್ಟಲು ಕೂರುವನು. ಖಲೀಲುಲ್ಲಾ ಎಂದಿನಂತೆ ಚಾಪೆ ಹಾಸಿ, ಆಮೇಲೆ ತಾನೂ ಅದರ ಮೇಲೆ ಕೂರುವನು. ಅದೊಂದು ಅವನಿಗೆ ಹೊಸತು.

ಸಂಕ್ರಾಂತಿ ಹತ್ತಿರವಿದ್ದಾಗ ಒಂದು ಸಂಜೆ ಹಾಡುತ್ತಿದ್ದವನು ಕಣ್ಣು ಬಿಟ್ಟರೆ, ಜನರ ಹಿಂದೆ ಗಿಟಾರ್ ತಬ್ಬಿಕೊಂಡು ಗೋಪಾಲಪ್ಪ ಮೇಷ್ಟ್ರು ನಿಂತಿದ್ದರು. ಖಲೀಲುಲ್ಲಾನ ದನಿ ಅಡಗಿತು. ಮೇಷ್ಟ್ರು ನಿಲ್ಲಿಸಬೇಡ ಅಂತ ಕೈ ಮಾಡಿ, ಪಂಚೆ ಸರಿಮಾಡಿಕೊಂಡು, ಹೆಂಗಸರು ಮಕ್ಕಳ ಹಿಂದೆ ಕೊಯ್ದ ರಾಗಿಯ ಕೂಳೆಯ ಮೇಲೇ ಕೂತರು. ಮುಗಿಯುವವರೆಗೂ ಏಳಲಿಲ್ಲ.

"ಬನ್ನಿ ಮೇಷ್ಟ್ರೇ, ಮುಂದೆ ಬನ್ನಿ. ನಾವು ಏನೋ ಹೊತ್ತು ಹೋಗಲಿ ಅಂತ..." ಅಂದ ಖಲೀಲುಲ್ಲಾ, ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ.

ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. "ಈ ಧಾಟಿ ಕಟ್ಟಿದವನು ನಾನು ಖಲೀಲ್. ನಾನೇ ಇದನ್ನ ಸರಿಯಾಗಿ ಕೇಳಿರಲಿಲ್ಲ ನೋಡು. ಬಾರಿಸುವಾಗೆಲ್ಲ ನನ್ನ ಕೈ ಮೇಲೇ ನನಗೆ ಗಮನ. ನನ್ನ ಹಿಂದೆ ಏನಿತ್ತು ಅಂತ ಇವತ್ತು ಗೊತ್ತಾಯ್ತು." ಪಂಚೆಯ ಧೂಳು ಕೊಡವುತ್ತಾ, "ಅಕ್ಕನ ಮನೆಯಲ್ಲಿ ಒಬ್ಬನೇ ಕೂತು ನುಡಿಸಿದೆ ಕಣಪ್ಪ. ರುಚಿಯೇ ಹತ್ತಲಿಲ್ಲ. ಚುಚ್ಚಿಸಿಕೊಂಡು ಬಂದುಬಿಟ್ಟೆ" ಅಂದರು.

ಗಂಗಣ್ಣ ಎದ್ದು ಚಾಪೆಯ ಹಿಂದಕ್ಕೆ ಸರಿಯಲು ಹೋದ. ಮೇಷ್ಟ್ರು ಅವನ ಭುಜ ಒತ್ತಿ ಅಲ್ಲೇ ಕೂರಿಸಿದರು.

ನರಸಮ್ಮ ವಾಪಸು ಬಂದದ್ದು ಅದಾದ ಮೇಲೆ. ಆಚೆ ದಡದಿಂದ ಎಲ್ಲರೂ ಬರಲಿಲ್ಲ, ಅವಳು ಬಂದಳು. ತಲೆಗೂದಲು ಉದುರಿ, ಕೈಕಾಲು ಕಡ್ಡಿಯಾಗಿ, ಕೋಲೂರಿಕೊಂಡು ಕೆರೆಯ ಅಂಗಳದಲ್ಲಿ ಕೂತು ಎದ್ದು ಕೂತು ಎದ್ದು ಬಂದಳು. ಅಮ್ಮಯಮ್ಮ ಓಡಿಹೋಗಿ ಅವಳನ್ನು ತಬ್ಬಿ, "ಏನೇ ಇದು, ಹಿಂಗಾಗಿ ಬಂದಿದೀಯ, ಅಲ್ಲಿ ಊಟ ಹಾಕ್ಲಿಲ್ವೇನೇ ನಿನಗೆ!" ಅಂತ ಬೈಯುತ್ತಾ ಅತ್ತಳು. ಅನ್ವರ್ ಬೇಗಂ ಬಿಸಿ ಹಾಲು ತಂದಳು. ಎಲ್ಲರೂ ಸುತ್ತ ಕೂತರು.

"ಬಾರಿಸ್ತಿದ್ದಿದ್ದು ಅಲ್ಲಿಗೆ ಕೇಳ್ತಿತ್ತಾ?" ಗಂಗಣ್ಣ ಸಂಕೋಚದಿಂದ ಕೇಳಿದ.

"ಇಲ್ಲ ಕಣಣ್ಣ. ತಂತಿ ಸದ್ದು ಅಷ್ಟು ದೂರ ಎಲ್ಲಿ ಬಂದೀತು?" ಅಂದಳು ನರಸಮ್ಮ. "ಗಾಳಿ ಈ ಕಡೆಯಿಂದ ಬೀಸಿದಾಗ ಜನ ಹಾಡೋದು ಒಂಚೂರು ಕೇಳ್ತಿತ್ತು. ಎಲ್ಲರ ದನೀನೂ ಕಲಸಿಹೋಗಿರೋದು. ನಮ್ಮತ್ತೇದು ಒಂದು ಮಾತ್ರ ಬೇರೆ ಗೊತ್ತಾಗೋದು, ಅದು ಯಾರ ಜೊತೆಗೂ ಸೇರಲ್ವಲ್ಲ. ಬದುಕವ್ಳೆ, ಹಾಡ್ತಾವ್ಳೆ ಅಂದ್ಕೊಂಡು ಗಂಜಿ ಕುಡೀತಿದ್ದೆ. ಕೇಳದಿದ್ದ ದಿನ ಇಳೀತಿರಲಿಲ್ಲ."

"ನನ್ನ ದನಿಗೇನಾಗೈತೇ?" ಅಮ್ಮಯಮ್ಮ ಮೂಗು ಒರೆಸಿಕೊಂಡಳು. ಎಲ್ಲರೂ ನಕ್ಕರು. ಗಂಗಣ್ಣ ನಗಲಿಲ್ಲ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಖಲೀಲುಲ್ಲಾ ಚಾಪೆಯ ಅಂಚನ್ನು ಸುಮ್ಮನೆ ಸರಿಮಾಡುತ್ತಾ ಕೂತಿದ್ದ. ಬೇಗಂ ಅವನ ಪಕ್ಕದಲ್ಲಿ ಖಾಲಿ ಲೋಟ ತೆಗೆದುಕೊಳ್ಳಲು ಬಗ್ಗಿ, "ನಿಮ್ಮಿಂದ ಶುರುವಾಗಿದ್ದು" ಅಂತ ಅವನಿಗಷ್ಟೇ ಕೇಳುವ ಹಾಗೆ ಹೇಳಿ ಹೋದಳು. ಮದುವೆಯಾದಂದಿನಿಂದ ಅವಳು ಅವನನ್ನು ಹೊಗಳಿದ್ದು ಅವನಿಗೆ ನೆನಪಿರಲಿಲ್ಲ. ಅವನ ಎದೆ ತುಂಬಿಬಂತು.

ಹೊತ್ತು ಇಳಿಯುತ್ತಿತ್ತು. ನರಸಮ್ಮ ಬಂದ ದಿನ ಹಾಡದೆ ಇರಲಾದೀತೇ? ಗೋಪಾಲಪ್ಪ ಮೇಷ್ಟ್ರು ತಮ್ಮ ಗಿಟಾರಿನ ಅಂಗಿ ಬಿಚ್ಚಿ, ಗಂಗಣ್ಣನ ಎದುರಿಗೆ ಮಂಡಿಯೂರಿ ಕೂತರು.

"ಇವತ್ತು ಒತ್ತು ನಾನು ಕೊಡ್ತೀನಿ. ಎಲ್ಲಿ ಹಿಡೀಬೇಕು ಅಂತ ತೋರಿಸಪ್ಪ."

ಗಂಗಣ್ಣ ಗಾಬರಿಯಾಗಿ ಖಲೀಲುಲ್ಲಾನ ಮುಖ ನೋಡಿದ. ಖಲೀಲುಲ್ಲಾ ತೋರಿಸು ಅನ್ನುವಂತೆ ತಲೆ ಆಡಿಸಿದ. ಗಂಗಣ್ಣ ತನ್ನ ದೊಡ್ಡ ಕೈ ಚಾಚಿ, ಮೇಷ್ಟ್ರ ಬೆರಳುಗಳನ್ನು ಒಂದೊಂದಾಗಿ ತಂತಿಯ ಮೇಲೆ ಇಟ್ಟ. "ಇಲ್ಲಿ... ಹಿಂಗೆ... ಅವಸರ ಮಾಡಬಾರ್ದು ಮೇಷ್ಟ್ರೇ. ಹಾಡೋರು ಉಸಿರು ತಗೊಳ್ಳೋವರೆಗೂ ಕಾಯಬೇಕು."

ಮೇಷ್ಟ್ರು ಒಂದು ಸಲ ತಪ್ಪಿದರು, ಇನ್ನೊಂದು ಸಲ ತಪ್ಪಿದರು, ಆಮೇಲೆ ಹಿಡಿದರು. ಗಂಗಣ್ಣ ತನ್ನ ಗಿಟಾರ್ ಎತ್ತಿಕೊಂಡು, ಕಣ್ಣು ಮುಚ್ಚಿ, ಮೊದಲ ಸಲ ಧಾಟಿಯ ಮೊದಲ ಸ್ವರ ಮೀಟಿದ. ಖಲೀಲುಲ್ಲಾ ಉಸಿರು ತೆಗೆದುಕೊಂಡ. ಒತ್ತು ಅವನಿಗಾಗಿ ಕಾಯಿತು.